ಸೋಮವಾರ ಉಪವಾಸವಿದ್ದ ಮೀನು

೯ ಜೂನ್ ೧೯೬೩, ಭಾನುವಾರ

ಗಾಜಿನ ತೊಟ್ಟಿ ಕೊನೆಗೂ ಪಡಸಾಲೆಗೆ ಬಂತು. ಹೊತ್ತು ತಂದವರು ಮಿಲ್ಲಿನ ಹಮಾಲರು, ಬೈಸಿಕೊಂಡವಳು ನಾನು. ಬೊಂಬಾಯಿಯ ಹತ್ತಿ ದಲಾಲಿಯ ಮನೆಯಲ್ಲಿ ಇಂಥದ್ದೊಂದನ್ನು ನೋಡಿ ಬಂದಾಗಿನಿಂದ ನಮ್ಮ ಯಜಮಾನರಿಗೆ ಅದೇ ಜಪ. ದಾವಣಗೆರೆಯಲ್ಲಿ ಜಿನ್ನಿಂಗ್ ಮಿಲ್ಲು ಇಟ್ಟವರು ಬೇಕಾದಷ್ಟು ಜನ ಇದ್ದಾರೆ, ಪಡಸಾಲೆಯಲ್ಲಿ ಮೀನು ಇಟ್ಟವರು ಯಾರೂ ಇಲ್ಲವಂತೆ. ಕೆಂಚವೀರಪ್ಪನವರೇ ಮೊದಲಿಗರಾಗಬೇಕು. ಗಾಜು ಬೊಂಬಾಯಿಯದು, ಕಬ್ಬಿಣದ ಚೌಕಟ್ಟು ನಮ್ಮ ಮಿಲ್ಲಿಗೆ ತಗಡಿನ ಕೆಲಸ ಮಾಡಿಕೊಡುವ ಹಯಾತ್ ಸಾಬರದು. ತೊಟ್ಟಿ ಎಷ್ಟು ಉದ್ದವಿದೆಯೆಂದರೆ ನಾನು ಅದರೊಳಗೆ ಕಾಲು ಚಾಚಿ ಮಲಗಬಹುದು.

ಅತ್ತೆ ಬಸವಣ್ಣೆಮ್ಮನವರು ಬಾಗಿಲಲ್ಲೇ ತಡೆದರು. "ಲಿಂಗ ಕಟ್ಟಿದ ಮನಿಯಾಗೆ ಮೀನಾ?"

"ತಿನ್ನಾಕಲ್ಲವ್ವ, ನೋಡಾಕೆ" ಎಂದರು ಇವರು.

"ಹಂಗಾರೆ ಹುಳಾ ಗಿಳಾ ಹಾಕಂಗಿಲ್ಲ ನೋಡು. ನಮ್ಮ ಮನಿಯಾಗೆ ಇರೋ ಜೀವ ನಮ್ಮಂಗೇ ಉಣ್ಣಬೇಕು."

ಹಾಗೆಂದು ಮಾತಾಯಿತು. ಮಂಡಕ್ಕಿ, ಬೇಯಿಸಿದ ಕಡಲೇಬೇಳೆ, ಅನ್ನದಗುಳು. ಸಂಜೆ ತೊಟ್ಟಿಯ ಮೂಲೆಯಲ್ಲಿ ನೀರು ಸ್ವಲ್ಪ ಜಿನುಗಿತು. ಇವರ ಕೈ ನನ್ನ ಕೆನ್ನೆಗೆ ತಗುಲಿತು. ಸಿಟ್ಟಿನಲ್ಲಿದ್ದಾಗ ನಾನು ಹತ್ತಿರ ನಿಂತದ್ದು ತಪ್ಪು.

೧೨ ಜೂನ್

ಕೆಂಪು, ಹಳದಿ ಮೀನುಗಳು ತಗಡಿನ ಡಬ್ಬದಲ್ಲಿ ರೈಲಿನ ಮೇಲೆ ಬಂದವು. ಕೆಂಪು ಮೀನಿನಲ್ಲೇ ಒಂದಕ್ಕೆ ಬಿಳಿ ಮಚ್ಚೆ. ಎಲ್ಲವೂ ನನ್ನ ಹೆಬ್ಬೆರಳಿನಷ್ಟು ಉದ್ದ. ಇವರು ನೀರಿನಲ್ಲಿ ಕೈ ಇಳಿಬಿಟ್ಟು "ಬಾ ನನ್ನವ್ವ, ಬಾ ನನ್ನ ಕೂಸೇ" ಎಂದು ಕರೆಯುತ್ತಿದ್ದರು. ಬೆರಳಿಗೆ ಮೀನು ಮುತ್ತಿಕ್ಕಿದರೆ ನಗುತ್ತಾರೆ. ಈ ಕೈಗೆ ಇಷ್ಟು ಮೆತ್ತಗೆ ಇರಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪಡಸಾಲೆ ಒರೆಸುವ ಸುಂಕಲಮ್ಮ ಬಟ್ಟೆ ಹಿಂಡುತ್ತಾ ನಿಂತು ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಅಮ್ಮಾರೆ, ಎಲ್ಲಾನೂ ಹುರಿದ್ರೂ ನನಗೆ ಒಂದು ತುತ್ತಿಗೆ ಸಾಲಂಗಿಲ್ಲ ನೋಡ್ರಿ." ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ಈ ಮನೆಯಲ್ಲಿ ನನ್ನ ಜೊತೆ ನಗುವವಳು ಅವಳೊಬ್ಬಳೇ.

೧೬ ಜೂನ್, ಭಾನುವಾರ

ಹರಿಹರಕ್ಕೆ ಹೋಗಿ ಬಂದೆವು. ತೊಟ್ಟಿಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯಲ್ಲಿ, ದೊಡ್ಡ ತೊಟ್ಟಿಯಾದರೆ ತಳದ ಹೊಲಸು ತಿನ್ನಲು ಮೀಸೆ ಇರುವ ಮೀನು ಬೇಕೆಂದು ಬರೆದಿತ್ತು. ಅದನ್ನು ಓದಿ ಹೇಳಿದ್ದೇ ನಾನು. "ಮೆಟ್ರಿಕ್ ಓದಿದಾಕಿ ನೀನು. ನೀನೇ ಆರಿಸು. ತಪ್ಪಾತು ಅಂದ್ರೆ ತೊಗಲು ಸುಲೀತೀನಿ" ಎಂದರು ಇವರು, ಜೀಪು ಹತ್ತುವಾಗ.

ಸೇತುವೆಯ ಕೆಳಗೆ, ಹೊಳೆಯ ಮೆಟ್ಟಿಲ ಮೇಲೆ ಹಯಾತ್ ಸಾಬರು, ಇವರು ಹೇಳಿದಂತೆ ಬೆಸ್ತರಿಂದ ಮೀನು ತರಿಸಿ, ಮೂರು ಮಣ್ಣಿನ ಗಡಿಗೆ ಇಟ್ಟುಕೊಂಡು ಕೂತಿದ್ದರು. ಹೊಳೆಗೆ ಆಗಲೇ ಕೆಂಪು ನೀರು ಬಂದಿತ್ತು. ಯಾವುದು ಒಳ್ಳೆಯದೆಂದು ಕೇಳಿದರೆ ಅವರು ಗಡ್ಡ ಕೆರೆದುಕೊಂಡರು. "ನಾನು ಮೀನು ನೋಡಿರೋದು ಬಾಣಲಿಯಾಗೆ ಅಮ್ಮಾ. ಜೀವ ಇದ್ದಾಗ ಅದರ ಗುಣ ಹೆಂಗೆ ಅಂತ ನಂಗೇನು ಗೊತ್ತು?"

ಮೊದಲ ಗಡಿಗೆಯಲ್ಲಿ ಗಿರ್ಲು. ಸಣ್ಣವು, ಬೆನ್ನ ಮೇಲೆ ಮುಳ್ಳು, ಒಂದಕ್ಕೊಂದು ಕಚ್ಚಾಡಿ ಒಂದರ ಕಣ್ಣೇ ಕಿತ್ತುಹೋಗಿತ್ತು. ಎರಡನೆಯದರಲ್ಲಿ ಕರಿಯ ಚೇಳುಮೀನು. ಹಯಾತ್ ಸಾಬರು ಎತ್ತಿ ತೋರಿಸಲು ಹೋದಾಗ ಅದು ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಪಾಪ, ಆ ವಯಸ್ಸಾದವರು "ಯಾ ಅಲ್ಲಾ" ಎಂದು ಮೆಟ್ಟಿಲ ಮೇಲೆ ಉರುಳಿಬಿಟ್ಟರು. ಇವರು ಗಡಿಗೆಯನ್ನು ಕಲ್ಲಿಗೆ ಅಪ್ಪಳಿಸಿ ಒಡೆದು, ಒದ್ದಾಡುತ್ತಿದ್ದ ಮೀನನ್ನು ಬೂಟಿನಲ್ಲಿ ಅರೆದರು. ಚಪ್ಪಟೆಯಾದ ಮೇಲೂ ಅರೆದರು. ನಾನು ಹೊಳೆಯ ಕಡೆ ತಿರುಗಿ ನಿಂತೆ.

ಮೂರನೆಯದರಲ್ಲಿ ಒಂದೇ ಮೀನು. ಬಾಳೆಮೀನಂತೆ. ಗೇಣುದ್ದ, ಬೆಳ್ಳಗೆ ನುಣುಪಾಗಿ, ಉದ್ದ ಮೀಸೆ ಇಳಿಬಿಟ್ಟುಕೊಂಡು ತಳದಲ್ಲಿ ಸುಮ್ಮನೆ ಬಿದ್ದಿತ್ತು. ಗಡಿಗೆ ಒಡೆದ ಸದ್ದಿಗೂ ಅಲುಗಲಿಲ್ಲ. ತಂದು ಕೊಟ್ಟ ಬೆಸ್ತರವನು ಇದು ಚೆನ್ನಾಗಿ ತಿನ್ನುತ್ತದೆ ಎಂದಿದ್ದನಂತೆ. ಚೆನ್ನಾಗಿ ತಿಂದರೆ ತೊಟ್ಟಿಯೂ ಚೆನ್ನಾಗಿ ಶುಚಿಯಾಗುತ್ತದೆ ಎಂದುಕೊಂಡೆ. ಗಲಾಟೆ ಮಾಡದ ಜೀವ ನಮ್ಮ ಮನೆಯಲ್ಲಿ ಒಂದಾದರೂ ಇರಲಿ ಎಂದು ಅದನ್ನೇ ಆರಿಸಿದೆ.

೨೪ ಜೂನ್, ಸೋಮವಾರ

ಬಾಳೆಮೀನು ಹಗಲೆಲ್ಲ ತೊಟ್ಟಿಯ ಮೂಲೆಯಲ್ಲಿ ಇಟ್ಟ ಹೆಂಚಿನ ಕೆಳಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ಮಂಡಕ್ಕಿ ಹಾಕಿದರೆ ಮೂಸುವುದಿಲ್ಲ. ಬೇಳೆ ಹಾಕಿದರೆ ತಿರುಗಿ ನೋಡುವುದಿಲ್ಲ. ಅತ್ತೆಗೆ ಅದರ ಮೇಲೆ ಭಕ್ತಿ ಹುಟ್ಟಿಬಿಟ್ಟಿದೆ. "ಇದು ಸೋಮವಾರ ಮಾಡ್ತೈತೆ ಕಣೆ. ಯಾವ ಜನ್ಮದ ಶರಣನೋ ಏನೋ" ಎಂದು ಗಾಜಿಗೆ ವಿಭೂತಿ ಹಚ್ಚಿದರು. ನಾಳೆ ಮಂಗಳವಾರ, ಆಗ ಏನು ಹೇಳುತ್ತಾರೋ ನೋಡೋಣ.

ಹಳದಿ ಮೀನು ಒಂದು ಕಾಣುತ್ತಿಲ್ಲ.

೨೭ ಜೂನ್

ಕೆಂಪಿನವೂ ಕಡಿಮೆಯಾಗಿವೆ. ಹೆಣ ತೇಲಿಲ್ಲ, ಮುಳ್ಳು ಸಿಕ್ಕಿಲ್ಲ. ತೊಟ್ಟಿಯ ಮೇಲೆ ಹಯಾತ್ ಸಾಬರು ಮಾಡಿದ ಜಾಲರಿ ಮುಚ್ಚಳ ಇದೆ, ಬೆಕ್ಕು ಬರುವ ಹಾಗಿಲ್ಲ. ಇವರು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಪಂಚೆ ಕಟ್ಟುವ ಬೆಲ್ಟು ತೆಗೆದುಕೊಂಡರು. ಗೊತ್ತಿಲ್ಲ ಎಂದು ಅಷ್ಟು ಬೇಗ ಹೇಳಬಾರದಿತ್ತು. ಯೋಚನೆ ಮಾಡಿದವಳಂತೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ದರೆ ಇಷ್ಟು ಬೀಳುತ್ತಿರಲಿಲ್ಲ.

ಬಾಳೆಮೀನು ಮಾತ್ರ ಏನೂ ತಿನ್ನದೆ ಮೈ ತುಂಬಿಕೊಂಡಿದೆ. ಉಪವಾಸದ ತೇಜಸ್ಸು ಎನ್ನುತ್ತಾರೆ ಅತ್ತೆ.

೩ ಜುಲೈ

ಮತ್ತೆ ಎರಡು. ಬಲಗಿವಿ ಸರಿಯಾಗಿ ಕೇಳುತ್ತಿಲ್ಲ.

೮ ಜುಲೈ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಬಿಳಿ ಮಚ್ಚೆಯದು ಹೋಗಿತ್ತು, ಅವರ ಮುದ್ದಿನದು. ಉಳಿದದ್ದು ಎರಡೇ. ಅಡುಗೆ ಮನೆಯಿಂದ ಜಡೆ ಹಿಡಿದು ಎಳೆದುಕೊಂಡು ಬಂದರು. "ನಿನಗೆ ನನ್ನ ಮೀನು ಕಂಡ್ರೆ ಹೊಟ್ಟೆಕಿಚ್ಚು. ನೀನೇ ಬಾವಿಗೆ ಹಾಕ್ತಿದ್ದೀಯ" ಎಂದು ಮುಚ್ಚಳ ತೆಗೆದು ನನ್ನ ಮುಖವನ್ನು ನೀರಿಗೆ ಅದುಮಿದರು. ಎತ್ತಿದರು, "ಹೇಳು" ಎಂದರು, ಮತ್ತೆ ಅದುಮಿದರು. ಮೂಗಿನಲ್ಲಿ ನೀರು ಹೋಗಿ ಎದೆ ಬಿರಿಯುವ ಹಾಗಾಯಿತು. ನೀರಿನೊಳಗೆ ಕಣ್ಣು ಬಿಟ್ಟರೆ ಎದುರಿಗೇ ಬಾಳೆಮೀನು, ಸುಮ್ಮನೆ ನನ್ನನ್ನು ನೋಡುತ್ತಿತ್ತು.

ಮೂರನೆಯ ಸಲ ಎತ್ತಿದಾಗ ನನ್ನ ಬಾಯಿಂದ ಮಾತು ಬಂತು. "ಈ ಮನಿಯಾಗೆ ಮೀನು ತಿನ್ನೋರು ಯಾರಿದಾರೆ, ಯೋಚನೆ ಮಾಡ್ರಿ."

ಕೈ ಸಡಿಲವಾಯಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹುರಿದರೆ ಒಂದು ತುತ್ತಿಗೆ ಸಾಲುವುದಿಲ್ಲ ಎಂದು ಸುಂಕಲಮ್ಮ ಅಂದದ್ದನ್ನೂ ಹೇಳಿದೆ.

ಇವರು ನನಗೆ ತಲೆ ಒರೆಸಿಕೊಳ್ಳಲು ತಮ್ಮ ಟವೆಲ್ಲು ಕೊಟ್ಟರು.

೯ ಜುಲೈ

ಸುಂಕಲಮ್ಮ ಎಂದಿನಂತೆ ಹಿತ್ತಲ ಬಾಗಿಲಿಂದ ಬಂದಳು. ಇವರು ಬಾರುಕೋಲು ಹಿಡಿದು ಕಾಯುತ್ತಿದ್ದರು. ಮೊದಲ ಏಟು ಪಡಸಾಲೆಯಲ್ಲೇ ಬಿತ್ತು. ಅತ್ತೆ ದೇವರ ಕೋಣೆಯಿಂದ ಹೇಳಿದರು: "ಒಳಗ ಬ್ಯಾಡಪ್ಪ. ಹಿತ್ತಲಾಗೆ ಹೊಡಿ."

"ನಾ ಮುಟ್ಟಿಲ್ರಿ ಧಣೇರ, ನಮ್ಮವ್ವನಾಣೆ ಮುಟ್ಟಿಲ್ಲ" ಎಂದು ಕೂಗುತ್ತಲೇ ಇದ್ದಳು. ಬೆನ್ನು, ತೊಡೆ, ತಲೆ. ಬಾರುಕೋಲಿನ ದಪ್ಪ ಹಿಡಿ ತಲೆಗೆ ಬೀಳುವಾಗ ಬಲಗೈ ಅಡ್ಡ ತಂದಳು. ಮೂಳೆ ಮುರಿದ ಸದ್ದು ಅಡುಗೆ ಮನೆಯಲ್ಲಿದ್ದ ನನಗೆ ಕೇಳಿಸಿತು, ಹಸಿ ಕಟ್ಟಿಗೆ ಮುರಿದ ಹಾಗೆ. ಆಮೇಲೆ ಅವಳು ಕೂಗಲಿಲ್ಲ. ಅವಳ ಗಂಡ ರೇವಣ್ಣ ನಮ್ಮ ಮಿಲ್ಲಿನಲ್ಲೇ ಹಮಾಲಿ. ಅವನೇ ಬಂದು, ಇವರ ಕಾಲಿಗೆ ಬಿದ್ದು, ಅವಳನ್ನು ಎತ್ತಿಕೊಂಡು ಹೋದ.

ಇವರು ಕೈ ತೊಳೆದು ಊಟಕ್ಕೆ ಕೂತರು. ನನ್ನನ್ನು ಏನೂ ಅನ್ನಲಿಲ್ಲ. ಬದನೆಕಾಯಿ ಪಲ್ಯ ಚೆನ್ನಾಗಿದೆ ಎಂದರು. ನಾನೂ ಹೊಟ್ಟೆ ತುಂಬ ಉಂಡೆ.

೧೪ ಜುಲೈ

ಮನೆ ಶಾಂತವಾಗಿದೆ. ಇವರು ಉಳಿದ ಎರಡು ಮೀನನ್ನು ಕಾಪಾಡಬೇಕೆಂದು ತಮ್ಮ ಕೋಣೆಯ ಗಾಜಿನ ಜಾಡಿಗೆ ಹಾಕಿಕೊಂಡಿದ್ದಾರೆ. ಅವು ಕ್ಷೇಮವಾಗಿವೆ. "ಕಂಡ್ಯಾ? ಕಳ್ಳಿ ಹೋದ್ಲು, ಮೀನು ಉಳಿದ್ವು" ಎಂದರು. ಹೌದು ಎಂದೆ. ಪಡಸಾಲೆ ನಾನೇ ಒರೆಸುತ್ತೇನೆ. ಕುಕ್ಕುವಾಡದ ನಾಟಿ ವೈದ್ಯ ಸುಂಕಲಮ್ಮನ ಕೈಗೆ ಬಿದಿರು ಕಟ್ಟಿದ್ದಾನಂತೆ. ಈಗ ಹರಿಹರದಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ಬೆರಳು ಮಡಚಲು ಬರುವುದಿಲ್ಲವಂತೆ. ಕದ್ದದ್ದು ಹೌದೋ ಅಲ್ಲವೋ ನನಗೇನು ಗೊತ್ತು. ಕದ್ದಿರಲೂಬಹುದು.

೨೩ ಜುಲೈ

ದೊಡ್ಡ ತೊಟ್ಟಿಯಲ್ಲಿ ಬಾಳೆಮೀನು ಒಂದೇ ಇದೆ. ಸೊರಗಿ ಕಡ್ಡಿಯಾಗಿದೆ. "ಜೊತಿಗಾರರು ಇಲ್ದಂಗಾತಲ್ಲ, ಅದಕ್ಕೇ ಕೊರಗ್ತೈತೆ. ಮನುಷ್ಯರಿಗಿಂತ ವಾಸಿ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಸುಂಕಲಮ್ಮ ಇದ್ದಿದ್ದರೆ ಇದಕ್ಕೆ ಏನಾದರೂ ಹೇಳುತ್ತಿದ್ದಳು.

೨೮ ಜುಲೈ

ಬೊಂಬಾಯಿಯಿಂದ ಹೊಸ ಮೀನು ಬಂದವು. ಜಾಡಿಯವನ್ನೂ ಸೇರಿಸಿ ತೊಟ್ಟಿಗೆ ಬಿಟ್ಟಾಯಿತು. ಬಾಳೆಮೀನು ಹೆಂಚಿನ ಕೆಳಗಿನಿಂದ ಮೀಸೆ ಹೊರಗೆ ಹಾಕಿತು. ಜೊತೆ ಸಿಕ್ಕಿದ ಸಂತೋಷ ನೋಡು ಎಂದರು ಅತ್ತೆ.

೨ ಆಗಸ್ಟ್

ಹೊಸದರಲ್ಲೂ ಕಡಿಮೆಯಾಗಿವೆ. ಇವರು ಈ ಸಲ ನನ್ನನ್ನು ಕೇಳಲೂ ಇಲ್ಲ. ಸುಂಕಲಮ್ಮ ಸೇಡಿಗಾಗಿ ಹರಿಹರದಿಂದ ಬಂದು ಹಿತ್ತಲಿಂದ ನುಗ್ಗಿದ್ದಾಳೆ, ಗಂಡನೇ ಬಾಗಿಲು ತೆಗೆದಿದ್ದಾನೆ ಎಂದು ತಾವೇ ತೀರ್ಮಾನ ಮಾಡಿಕೊಂಡರು. ರೇವಣ್ಣನನ್ನು ಮಿಲ್ಲಿನ ಅಂಗಳದಲ್ಲಿ ಕಂಬಕ್ಕೆ ಕಟ್ಟಿಸಿ ಹೊಡೆಸಿದರಂತೆ. ಬುಧವಾರ ಅವಳನ್ನು ಅವನೇ ಕರೆತರಬೇಕು, ತಾರದಿದ್ದರೆ ಪೊಲೀಸಿಗೆ.

"ಹಿರೇರ ಮುಂದೆ ಒಪ್ಪಿಸ್ತೀನಿ. ಅವನ ಕೆಲಸಾನೂ ಹೋತು, ಮಿಲ್ಲಿನ ಮನೀನೂ ಹೋತು."

"ಅವಳ ಕೈ ಮುರಿದೈತಲ್ಲ, ಕದಿಯಾಕೆ ಹೆಂಗೆ ಆಗ್ತೈತ್ರಿ" ಎಂದೆ. ಹೇಗೆ ಧೈರ್ಯ ಬಂತೋ.

"ಇನ್ನೊಂದು ಐತಲ್ಲ. ಬುಧವಾರ ಅದನ್ನೂ ನೋಡ್ಕೊಳಾನ" ಎಂದು ಇವರು ಕಾಫಿ ಕುಡಿದರು.

೫ ಆಗಸ್ಟ್, ಶ್ರಾವಣ ಸೋಮವಾರ

ಇವತ್ತು ಸ್ವಾಮಿಗಳ ಪಾದಪೂಜೆ. ಮೀನು ಅವರ ಕಣ್ಣಿಗೆ ಬೀಳಬಾರದೆಂದು ಅತ್ತೆ ಬೆಳಿಗ್ಗೆಯೇ ತೊಟ್ಟಿಗೆ ದಪ್ಪ ಜಮಖಾನೆ ಹೊದಿಸಿ, ಮೇಲೆ ಶಾಲು ಹಾಕಿಸಿದ್ದರು. ಒಳಗೆ ಕತ್ತಲಾಗಿರಬೇಕು. ಪೂಜೆ, ಪ್ರಸಾದ ಎಲ್ಲ ಮುಗಿದು, ಇವರು ಸ್ವಾಮಿಗಳನ್ನು ಬಿಡಲು ಜೀಪಿನಲ್ಲಿ ಹೋದರು. ನಟ್ಟನಡು ಮಧ್ಯಾಹ್ನ. ನಾನು ಎಲೆ ತೆಗೆದು, ನೆಲ ಒರೆಸಿ, ಜಮಖಾನೆ ಎಳೆದೆ.

ಬಾಳೆಮೀನು ಹೆಂಚಿನ ಕೆಳಗಿರಲಿಲ್ಲ. ತೊಟ್ಟಿಯ ನಡುವೆ ಇತ್ತು. ಬಾಯಿ ಕಣ್ಣಿನ ಆಚೆಯವರೆಗೆ ಸೀಳಿಕೊಂಡಿತ್ತು. ಬಾಯಿಂದ ಒಂದು ಕೆಂಪು ಬಾಲ ಹೊರಗೆ ಬಂದು ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಒಂದು ಸಲ ತಲೆ ಒದರಿತು, ಬಾಲವೂ ಒಳಗೆ ಹೋಯಿತು. ಆಮೇಲೆ ಬಾಯಿ ಮುಚ್ಚಿ, ಮೆಲ್ಲಗೆ ಹೆಂಚಿನ ಕೆಳಗೆ ಹೋಗಿ ಮಲಗಿತು, ಏನೂ ಅರಿಯದ ಹಾಗೆ.

ಜಮಖಾನೆ ಹಿಡಿದುಕೊಂಡೇ ಅಲ್ಲೇ ಕೂತೆ. ಕತ್ತಲಾದಾಗಲೆಲ್ಲ ಇದೇ ನಡೆದಿದೆ. ನಾವು ಒಬ್ಬರೂ ಅದರ ಮೇಲೆ ಸಂಶಯ ಪಡಲಿಲ್ಲ. ಮೀನು ತಿನ್ನುವವರು ಎಂದರೆ ಸುಂಕಲಮ್ಮ, ಅಷ್ಟೇ. ನಮ್ಮ ಮನೆಯಲ್ಲಿರುವ ಮೀನು ಮೀನು ತಿನ್ನುತ್ತದೆಯೇ?

ಆರಿಸಿದವಳು ನಾನು. ತೊಗಲು ಸುಲಿಯುತ್ತೇನೆ ಎಂದಿದ್ದರು, ಸುಲಿಯುತ್ತಾರೆ. ಜಮಖಾನೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ.

೬ ಆಗಸ್ಟ್

ಇವತ್ತೂ ಹೇಳಲಿಲ್ಲ.

ಒಂದು ಉಪಾಯ ಹೊಳೆಯಿತು. ಬಾಳೆಮೀನನ್ನು ಕೊಡದಲ್ಲಿ ಹಿಡಿದು ಬಾವಿಗೆ ಬಿಟ್ಟರಾಯಿತು. ಕಳ್ಳತನ ನಿಲ್ಲುತ್ತದೆ. ನನ್ನ ಮೇಲೆ ಮಾತು ಬರುವುದಿಲ್ಲ. ಅವಳ ಒಂದು ಕೈ ಹೇಗೂ ಹೋಗಿದೆ, ಇನ್ನೊಂದು ಏಟು ತಿಂದು ಊರು ಬಿಟ್ಟರೆ ಎಲ್ಲಾದರೂ ಬದುಕಿಕೊಳ್ಳುತ್ತಾಳೆ. ಸಂಜೆಯವರೆಗೂ ಇದೇ ಸರಿ ಎನಿಸುತ್ತಿತ್ತು. ಕೊಡ ತೊಳೆದು ತೊಟ್ಟಿಯ ಪಕ್ಕದಲ್ಲಿ ಇಟ್ಟೂ ಇಟ್ಟೆ.

ಕೆಂಚವೀರಪ್ಪನವರು ಬಂದು ಮೀನಿಗೆ ಮಂಡಕ್ಕಿ ಹಾಕುತ್ತಾ, "ನಾಳೆ ನಿಮ್ಮನ್ನ ತಿಂದಾಕಿಗೆ ಐತೆ ನೋಡ್ರವ್ವ" ಎಂದು ಗಾಜಿಗೆ ಮುದ್ದು ಕೊಟ್ಟರು. ನನಗೆ ಹೇಸಿಗೆಯಾಯಿತು. ಕೊಡವನ್ನು ಒಳಗೆ ತಂದಿಟ್ಟೆ.

೭ ಆಗಸ್ಟ್, ಬುಧವಾರ

ಬೋರಲು ಮಲಗಿ ಬರೆಯುತ್ತಿದ್ದೇನೆ. ಬೆನ್ನು ನೆಲಕ್ಕೆ ಊರಲು ಆಗುವುದಿಲ್ಲ.

ಹಿರಿಯರು ಮೂವರು ಬಂದು ಪಡಸಾಲೆಯ ಗಾದಿಯ ಮೇಲೆ ಕೂತರು. ಅವರ ಊಟಕ್ಕೆಂದು ನಾನು ಅಡುಗೆ ಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಹೀರೇಕಾಯಿ ಹೆಚ್ಚುತ್ತಿದ್ದೆ. ರೇವಣ್ಣ ಕುಂಟುತ್ತಾ ಸುಂಕಲಮ್ಮನನ್ನು ಕರೆತಂದ. ಎಷ್ಟು ಇಳಿದುಹೋಗಿದ್ದಾಳೆ. ಬಿದಿರಿನ ಕಟ್ಟು ಕೊಳಕಾಗಿತ್ತು, ಅದರ ತುದಿಯಲ್ಲಿ ಬೆರಳು ಕಪ್ಪಗೆ ಊದಿದ್ದವು.

"ಒಪ್ಕೊಂತೀಯೋ ಇಲ್ಲೋ?"

"ಮುಟ್ಟಿದ್ರೆ ತಾನೇ ಒಪ್ಕೊಳ್ಳಾದು" ಎಂದಳು.

"ಹಂಗಾರೆ ಆ ಕೈ ನೀಡು."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಯಾರೂ ಬೇಡ ಎನ್ನಲಿಲ್ಲ. ಸುಂಕಲಮ್ಮ ಎಡಗೈ ಮುಂದೆ ಚಾಚಿ, ಅಡುಗೆ ಮನೆಯ ಬಾಗಿಲ ಕಡೆ ನೋಡಿದಳು. ನನ್ನನ್ನೇ ನೋಡಿದಳು.

ಈಳಿಗೆಮಣೆ ಎತ್ತಿಕೊಂಡು ಪಡಸಾಲೆಗೆ ಬಂದೆ. ಅದನ್ನು ನೆಲಕ್ಕಿಟ್ಟು, ತೊಟ್ಟಿಯ ಮುಚ್ಚಳ ತೆಗೆದು, ಸೆರಗು ಸುತ್ತಿದ ಕೈಯನ್ನು ಹೆಂಚಿನ ಕೆಳಗೆ ಹಾಕಿ ಬಾಳೆಮೀನನ್ನು ಹಿಡಿದೆ. ಕಚ್ಚಿತು. ಹಲ್ಲು ಬಟ್ಟೆ ದಾಟಿ ಅಂಗೈಗೆ ಇಳಿಯಿತು. ಬಿಡಲಿಲ್ಲ. ನೆಲದ ಮೇಲೆ ಕೂತು, ಮಣೆಯನ್ನು ಕಾಲಲ್ಲಿ ಅದುಮಿ, ಒದ್ದಾಡುವ ಮೀನನ್ನು ಎರಡೂ ಕೈಯಿಂದ ಹಿಡಿದು ಹೊಟ್ಟೆಯನ್ನು ಈಳಿಗೆಗೆ ಕೊಟ್ಟೆ. ಹುಟ್ಟಿದಾಗಿನಿಂದ ಸೌತೆಕಾಯಿ ಕೊಯ್ದು ಗೊತ್ತು ನನಗೆ. ಇದೂ ಹಾಗೆಯೇ ಸೀಳಿತು, ರಕ್ತ ಬೇರೆ.

"ಶಿವ ಶಿವ" ಎನ್ನುತ್ತಾ ಇಬ್ಬರು ಹಿರಿಯರು ಎದ್ದು ಹೊಸ್ತಿಲ ಆಚೆ ಹೋಗಿ ನಿಂತರು. ಅತ್ತೆ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದರು. ನಾನು ಹೊಟ್ಟೆಯೊಳಗೆ ಬೆರಳು ಹಾಕಿದೆ. ಒಂದು ಕೆಂಪು ಮೀನು ಬಂತು, ಬಾಲ ಇನ್ನೂ ಗಟ್ಟಿಯಾಗಿತ್ತು.

"ಇದನ್ನ ಆರಿಸಿದಾಕಿ ನಾನು. ಸುಂಕಲಮ್ಮ ಕದ್ದಾಳೆ ಅಂತ ಹೇಳಿದಾಕೀನೂ ನಾನೇ. ಕಳ್ಳ ಇಲ್ಲೈತೆ, ನೋಡ್ರಿ" ಎಂದೆ.

ಬಾರುಕೋಲು ಬೆನ್ನ ಮೇಲೆ ಬಿತ್ತು. ಹೊಡೆದ. ನಾನು ಇನ್ನೊಂದು ಮೀನು ತೆಗೆದು ಹಿರಿಯರ ಕಡೆ ಸರಿಸಿದೆ. ಮತ್ತೆ ಹೊಡೆದ. ಮೂರನೆಯದು ಅರ್ಧ ಕರಗಿತ್ತು, ಹಳದಿ ಬಣ್ಣ ಗೊತ್ತಾಗುತ್ತಿತ್ತು. ಅದನ್ನೂ ಇಟ್ಟೆ. ರವಿಕೆ ಹರಿಯಿತು. ಅವನು ಹೊಡೆಯುತ್ತಿದ್ದ, ನಾನು ತೆಗೆಯುತ್ತಿದ್ದೆ. ಕೊನೆಗೆ ಒಳಗೇ ಉಳಿದಿದ್ದ ಆ ಕೆಮ್ಮಿದ ಹಿರಿಯರು ಎದ್ದು ಬಾರುಕೋಲು ಹಿಡಿದುಕೊಂಡರು. "ಸಾಕು ಬಿಡು ಕೆಂಚವೀರಪ್ಪ. ನಿನ್ನ ಮೀನೇ ಸಾಕ್ಷಿ ಹೇಳೈತೆ. ಅವರ ಕೆಲಸ, ಮನಿ ತಂಟಿಗೆ ಹೋಗಬ್ಯಾಡ."

ತಲೆ ಎತ್ತಿ ನೋಡಿದಾಗ ರೇವಣ್ಣ, ಸುಂಕಲಮ್ಮ ಹೊರಟುಹೋಗಿದ್ದರು.

೧೦ ಆಗಸ್ಟ್, ಹರಿಹರ

ಬೆಳಿಗ್ಗೆ ಅವನು ಮಿಲ್ಲಿಗೆ ಹೋದ ಮೇಲೆ ಸ್ಟೇಷನ್ನಿಗೆ ನಡೆದುಕೊಂಡು ಬಂದೆ. ಒಬ್ಬಳೇ ರೈಲು ಹತ್ತಿದ್ದು ಇದೇ ಮೊದಲು, ಅದು ಈಗ ಬರೆಯುವಾಗ ನೆನಪಾಯಿತು.

ಸುಂಕಲಮ್ಮನ ತಾಯಿಯ ಮನೆ ಹೊಳೆಯ ದಾರಿಯಲ್ಲಿದೆ. ಅವಳು ಬಾಗಿಲಲ್ಲಿ ಕೂತು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂಡ್ರಿ ಎನ್ನಲಿಲ್ಲ. ನಾನೇ ಎದುರಿಗೆ ನೆಲದ ಮೇಲೆ ಕೂತೆ. ಹಿರಿಯರು ಹೇಳಿದ್ದಾರೆ, ರೇವಣ್ಣನ ಕೆಲಸ ಹೋಗುವುದಿಲ್ಲ, ಎಲ್ಲರ ಮುಂದೆ ನಾನೇ ಒಪ್ಪಿಕೊಂಡೆನಲ್ಲ ಎಂದೆಲ್ಲ ಹೇಳಿದೆ. ನನ್ನ ಬೆನ್ನಿನ ವಿಷಯವನ್ನೂ ಹೇಳಿದೆ. ಅವಳು ಅಯ್ಯೋ ಎನ್ನುತ್ತಾಳೆ, ಇಬ್ಬರೂ ಅತ್ತು ಸಮಾಧಾನ ಮಾಡಿಕೊಳ್ಳುತ್ತೇವೆ ಎಂದುಕೊಂಡಿದ್ದೆ.

ಅವಳು ಮೊರ ಕೆಳಗಿಟ್ಟಳು. "ಆ ದಿನ ನಿಮ್ಮ ಮಖ ನೀರಾಗೆ ಅದುಮಿದಾಗ ನಾನು ಹಿತ್ತಲ ಬಾಗಿಲಾಗೆ ನಿಂತಿದ್ದೆ. ಹಿಡಿಗಲ್ಲು ಎತ್ಕೊಂಡಿದ್ದೆ, ಅವನ ತಲಿಗೆ ಹಾಕಾನ ಅಂತ. ಅಷ್ಟರಾಗೆ ನೀವು ನನ್ನ ಹೆಸರು ಹೇಳಿದ್ರಿ."

"ಹಂಗಿದ್ದೂ ಮರುದಿನ ಯಾಕ ಬಂದಿ?" ಎಂದೆ.

"ನೀವು ಬೆಳಗಾಗೋದ್ರಾಗೆ ಅಲ್ಲ ಅಂತ ಹೇಳಿರ್ತೀರಿ ಅಂದ್ಕೊಂಡೆ."

ಅವಳು ಎದ್ದು ಬಂದು, ಆ ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದಳು. ಬೀಸಿ ಹೊಡೆದಳು. ತುಟಿ ಒಡೆಯಿತು. ಆಮೇಲೆ ಮತ್ತೆ ಕೂತು ಮೊರ ಎತ್ತಿಕೊಂಡಳು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ದಾವಣಗೆರೆಯ ಗಾಡಿ ಬಂತು, ಹೋಯಿತು. ರಾಣೆಬೆನ್ನೂರಿಗೆ ಟಿಕೆಟ್ಟು ತೆಗೆದುಕೊಂಡಿದ್ದೇನೆ, ಅಲ್ಲಿ ತಮ್ಮನ ಮನೆ ಇದೆ. ಮದುವೆಯಾದಾಗಿನಿಂದ ತಿಂದ ಏಟುಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ, ಕಾಫಿ ಆರಿದ್ದಕ್ಕೆ, ನೀರು ಜಿನುಗಿದ್ದಕ್ಕೆ, ಬೇಗ ಉತ್ತರ ಹೇಳಿದ್ದಕ್ಕೆ. ಅವುಗಳಲ್ಲಿ ಒಂದೂ ನನ್ನ ತಪ್ಪಿಗೆ ಬಿದ್ದದ್ದಲ್ಲ. ಇವತ್ತಿನದು ಮಾತ್ರ ನನ್ನ ತಪ್ಪಿಗೆ ಬಿತ್ತು.